ನಾನು ಸತ್ತ ಸಿನಿಮಾ

ನಾನು ಸತ್ತ ಸುದ್ದಿಯನ್ನು ನನಗೆ ತಿಳಿಸಿದವಳು ನನ್ನ ಆಫೀಸಿನ ಸಹೋದ್ಯೋಗಿ. ಗುರುಗ್ರಾಮದ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು. ನನ್ನ ಡಬ್ಬಿಯಲ್ಲಿ ಮೊಸರನ್ನ, ಅವಳ ಡಬ್ಬಿಯಲ್ಲಿ ಮೂಲಂಗಿ ಪರಾಠ. ಹಿಂದಿನ ಭಾನುವಾರ ಅವಳು ಹೊಸದಾಗಿ ಬಂದ ದೆವ್ವದ ಸಿನಿಮಾ ನೋಡಿಬಂದಿದ್ದಳು. ಎಷ್ಟು ಹೆದರಿದೆ ಎಂದು ಹೇಳುವಾಗ ಅವಳ ಮುಖದಲ್ಲಿ ಖುಷಿಯೇ ಹೆಚ್ಚಾಗಿತ್ತು.

ಇದು ಕಟ್ಟುಕತೆಯಲ್ಲ, ಪಶ್ಚಿಮ ದೆಹಲಿಯಲ್ಲಿ ನಿಜವಾಗಿ ನಡೆದದ್ದು, ಹಾಗೆಂದು ಶುರುವಿನಲ್ಲೇ ತೆರೆಯ ಮೇಲೆ ಬರುತ್ತದೆ ಎಂದಳು. ಕಾಲೇಜಿಗೆ ಹೋಗುವ ಹುಡುಗಿಯಂತೆ. ಜನಕಪುರಿಯ ಒಂದು ಎರಡನೇ ಮಹಡಿಯ ಮನೆಯಂತೆ. ಕೈಕಾಲು ತಿರುಚಿಕೊಳ್ಳುತ್ತಿತ್ತಂತೆ. ಯಾರಿಗೂ ತಿಳಿಯದ ಒಂದು ಭಾಷೆಯಲ್ಲಿ ಮಾತಾಡುತ್ತಿದ್ದಳಂತೆ. ಆ ಮಾತನ್ನು ಯಾರೋ ಮೊಬೈಲಿನಲ್ಲಿ ಹಿಡಿದದ್ದು ಹಿಂದಿ ನ್ಯೂಸ್ ಚಾನೆಲ್ಲಿನಲ್ಲೂ ಬಂದಿತ್ತಂತೆ.

ನಾನು ಚಮಚ ಕೆಳಗಿಟ್ಟು, "ಆಮೇಲೆ ಆ ಹುಡುಗಿ ಏನಾದಳು?" ಎಂದು ಕೇಳಿದೆ.

"ಸತ್ತುಹೋದಳಲ್ಲ ದೀದಿ. ದೆವ್ವ ಬಿಡಿಸುವ ಬಾಬಾ ಬರುವ ಹೊತ್ತಿಗೆ ತಡವಾಗಿತ್ತು. ಅವಳ ತಾಯಿ ಮೊದಲೇ ಕರೆಸಿದ್ದರೆ ಉಳಿಯುತ್ತಿದ್ದಳು."

ನಾನು ಮೊಸರನ್ನ ಮುಗಿಸಿದೆ. ನನ್ನನ್ನು ಸಾಯಿಸಿದ್ದಕ್ಕಿಂತ ಆ ಕೊನೆಯ ಮಾತಿಗೆ ನನಗೆ ಸಿಟ್ಟು ಬಂದಿತ್ತು. ನಾನು ಬದುಕಿ ಕೂತು ಮೊಸರನ್ನ ತಿನ್ನುತ್ತಿದ್ದರೆ ಅದಕ್ಕೆ ಕಾರಣ ನನ್ನ ತಾಯಿಯೇ. ಅವಳು ಆ ಬಾಬಾನನ್ನು ಮನೆಯಿಂದ ಆಚೆಗೆ ಅಟ್ಟಿದ್ದಳು.

ಆ ಕಾಯಿಲೆಯ ದಿನಗಳ ಒಂದೇ ಒಂದು ನೆನಪೂ ನನ್ನಲ್ಲಿಲ್ಲ. ಇದನ್ನು ಜನ ನಂಬುವುದು ಕಷ್ಟ. ಕಾಲೇಜಿನ ಎರಡನೇ ವರ್ಷದ ಮಳೆಗಾಲದವರೆಗೆ ಎಲ್ಲವೂ ನೆನಪಿದೆ. ಆಮೇಲೆ ಆಸ್ಪತ್ರೆಯ ಹಸಿರು ಪರದೆ, ಸಪ್ಪೆ ಖಿಚಡಿ. ನಡುವಿನದೆಲ್ಲ ಅಮ್ಮ ಹೇಳಿದ್ದು. ಮತ್ತೆ ಆ ವಿಡಿಯೊ.

ಅಪ್ಪ ಕೇಂದ್ರ ಸರ್ಕಾರದ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಅಮ್ಮ ಮೈಸೂರಿನಿಂದ ಮದುವೆಯಾಗಿ ನೇರ ಜನಕಪುರಿಗೆ ಬಂದವಳು. ಮನೆಯಲ್ಲಿ ಕನ್ನಡ ಆಡುತ್ತಿದ್ದವರು ಅವರಿಬ್ಬರು ಮತ್ತು ನಾನು ಚಿಕ್ಕವಳಿರುವಾಗ ನಮ್ಮ ಜೊತೆಗಿದ್ದ ಅಜ್ಜಿ. ನಾನು ಎಲ್ಲವನ್ನೂ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಹಾಗಾಗಿ ನಾನು ಕನ್ನಡ ಆಡಿದ್ದನ್ನು ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಕೇಳಿರಲಿಲ್ಲ.

ಆ ವರ್ಷ ನನಗೆ ಮೊದಲು ನಿದ್ದೆ ಹೋಯಿತಂತೆ. ಆಮೇಲೆ ಅನುಮಾನ ಶುರುವಾಯಿತು. ಅಮ್ಮ ತಟ್ಟೆ ತಂದಿಟ್ಟರೆ ವಿಷ ಹಾಕಿದ್ದೀಯ ಎಂದು ಕಿರುಚುತ್ತಿದ್ದೆನಂತೆ. ತುಟಿ, ದವಡೆ ತಮ್ಮಷ್ಟಕ್ಕೆ ಆಡುತ್ತಿದ್ದವು. ಒಂದು ಕೈ ಮೇಲೆದ್ದು ಹಾಗೇ ನಿಂತುಬಿಡುತ್ತಿತ್ತು. ಅಪ್ಪ ನನ್ನನ್ನು ಒಬ್ಬರಾದ ಮೇಲೆ ಒಬ್ಬರಂತೆ ಡಾಕ್ಟರರಿಗೆ ತೋರಿಸಿದರು. ಪರೀಕ್ಷೆಯ ಟೆನ್ಶನ್ ಎಂದರು ಒಬ್ಬರು. ಮದುವೆ ಮಾಡಿ ಎಂದರು ಇನ್ನೊಬ್ಬರು. ನಿದ್ದೆ ಮಾತ್ರೆ ಕೊಟ್ಟವರೂ ಇದ್ದರು. ಕೊನೆಗೆ ಕೆಳಗಿನ ಮನೆಯ ಆಂಟಿ ತಮಗೆ ಗೊತ್ತಿರುವ ಒಬ್ಬ ಬಾಬಾನನ್ನು ಕರೆತರುತ್ತೇನೆಂದಾಗ ಅಪ್ಪ ಬೇಡವೆನ್ನಲಿಲ್ಲ. ಆಗ ಅವರಲ್ಲಿ ಬೇಡವೆನ್ನುವ ಶಕ್ತಿಯೂ ಉಳಿದಿರಲಿಲ್ಲ ಎಂದು ಅಮ್ಮ ಇವತ್ತಿಗೂ ಅವರ ಪರ ವಹಿಸಿಕೊಂಡು ಹೇಳುತ್ತಾಳೆ.

ಬಾಬಾ ಬಂದದ್ದು ಒಂದು ಬೆಳಿಗ್ಗೆ. ನನ್ನನ್ನು ಕುರ್ಚಿಗೆ ಕೂರಿಸಿ ದುಪಟ್ಟಾದಿಂದ ಕೈ ಕಟ್ಟಿಸಿದ. ಒಣಮೆಣಸಿನಕಾಯಿಯ ಹೊಗೆ ಹಾಕಿದ. ಬಿಲ್ಡಿಂಗಿನ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೇಲಿನ ಮನೆಯ ಬಾಡಿಗೆದಾರನೊಬ್ಬ ಮೊಬೈಲು ಹಿಡಿದು ನಿಂತಿದ್ದ. ಅವನು ಟಿವಿ ಚಾನೆಲ್ಲೊಂದರಲ್ಲಿ ಕೆಲಸಕ್ಕಿದ್ದ. ನಾನು ತೊದಲುತ್ತ, ಹಲ್ಲು ಕಚ್ಚುತ್ತ ಏನೋ ಹೇಳತೊಡಗಿದೆ. ಬಾಬಾ ಜನರ ಕಡೆ ತಿರುಗಿ, ನೋಡಿ, ಇದು ಹುಡುಗಿಯ ಭಾಷೆಯಲ್ಲ, ಒಳಗಿರುವುದು ಮಾತಾಡುತ್ತಿದೆ ಎಂದ.

ನಾನು ಹೇಳುತ್ತಿದ್ದದ್ದು ಇಷ್ಟೇ: "ಕಟ್ಟು ಬಿಚ್ಚು ಅಜ್ಜಿ, ಬಾಯಾರ್ತಿದೆ."

ಚಾನೆಲ್ಲಿನವರು ಅದನ್ನು ಇಡೀ ದಿನ ತೋರಿಸಿದರು. ರಹಸ್ಯಮಯ ಭಾಷೆ, ಸಾವಿರಾರು ವರ್ಷಗಳ ಹಿಂದಿನ ಭಾಷೆ ಎಂದರು. ಯಾರೋ ಒಬ್ಬ ಪಂಡಿತ ಸ್ಟುಡಿಯೊದಲ್ಲಿ ಕೂತು ಅದಕ್ಕೆ ಅರ್ಥವನ್ನೂ ಹೇಳಿದ. ಕೋಟಿಗಟ್ಟಲೆ ಜನ ಆಡುವ ಮಾತು ಅದು. ನಮ್ಮ ಬ್ಲಾಕಿನ ಮಾರ್ಕೆಟ್ಟಿನಲ್ಲಿ ದೋಸೆ ಮಾಡುತ್ತಿದ್ದ ಉಡುಪಿ ಕಡೆಯವರನ್ನು ಕೇಳಿದ್ದರೂ ಸಾಕಿತ್ತು.

ಆ ಬೆಳಿಗ್ಗೆ ಅಮ್ಮನನ್ನು ಬಿಲ್ಡಿಂಗಿನವರೆಲ್ಲ ಸೇರಿ ಅಡುಗೆಮನೆಗೆ ಕಳಿಸಿದ್ದರು. ಬಾಯಾರ್ತಿದೆ ಎಂದದ್ದು ಅವಳಿಗೆ ಅಲ್ಲಿಂದಲೇ ಕೇಳಿಸಿತು. ಚೊಂಬಿನಲ್ಲಿ ನೀರು ಹಿಡಿದು ಬಂದಳು. ಬಾಬಾ ಅಡ್ಡ ಕೈಯಿಟ್ಟು, ನೀರು ಕೊಡಬೇಡಿ, ಕುಡಿಯುವುದು ನಿಮ್ಮ ಮಗಳಲ್ಲ ಎಂದ. ಅಮ್ಮ ಆ ಕೈಯನ್ನು ತಳ್ಳಿ ನನಗೆ ನೀರು ಕುಡಿಸಿದಳು. ಹಲ್ಲಿನಿಂದ ದುಪಟ್ಟಾದ ಗಂಟು ಬಿಚ್ಚಿದಳು. ಆಗ ಅವಳಿಗೆ ಬರುತ್ತಿದ್ದದ್ದು ತರಕಾರಿ ಕೊಳ್ಳುವಷ್ಟು ಹಿಂದಿ. ಅದು ಸಾಕಾಯಿತು.

"ನಿಕಲೋ. ಅಭೀ ನಿಕಲೋ," ಎಂದಳಂತೆ. ಹೊರಡು, ಈಗಲೇ ಹೊರಡು.

ಇವಳು ಉಳಿಯುವುದಿಲ್ಲ ಎಂದು ಶಾಪ ಹಾಕುವವನ ಹಾಗೆ ಹೇಳಿ ಅವನು ಇಳಿದುಹೋದ. ಅಪ್ಪ ಆಟೊ ತರಲು ಓಡಿದರು. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬ ನರರೋಗದ ಡಾಕ್ಟರು ಅಮ್ಮನನ್ನು ಕೂರಿಸಿಕೊಂಡು ಎಲ್ಲವನ್ನೂ ಕೇಳಿದರು. ಬೆನ್ನಿನಿಂದ ನೀರು ತೆಗೆಸಿ ಪರೀಕ್ಷೆಗೆ ಕಳಿಸಿದರು. ರೋಗದ ಜೊತೆ ಹೋರಾಡಬೇಕಾದ ದೇಹದ ಶಕ್ತಿಯೇ ದಾರಿತಪ್ಪಿ ಮೆದುಳಿನ ಮೇಲೆ ಬಿದ್ದಿದೆ, ಇದಕ್ಕೆ ಚಿಕಿತ್ಸೆ ಇದೆ ಎಂದರು. ವಾಸಿಯಾಗಲು ತಿಂಗಳುಗಳೇ ಬೇಕಾದವು. ಚಮಚ ಹಿಡಿಯುವುದನ್ನು, ಓದುವುದನ್ನು ಮತ್ತೆ ಕಲಿತೆ. ಒಂದು ವರ್ಷ ಹೋಯಿತು. ಡಿಗ್ರಿ ಮುಗಿಸಿದೆ, ಕೆಲಸ ಸಿಕ್ಕಿತು. ಮನೆ ಬದಲಾಯಿಸಲಿಲ್ಲ. ಬದಲಾಯಿಸೋಣವೆಂದು ಅಪ್ಪ ಎಷ್ಟೋ ಸಲ ಅಂದರು. ನಾವ್ಯಾಕೆ ಹೋಗ್ಬೇಕು ಎಂದು ಅಮ್ಮ ಒಪ್ಪಲಿಲ್ಲ. ಆ ಕಾಯಿಲೆಯ ಬಗ್ಗೆ ಮಾತಾಡದಿರುವುದು ಮಾತ್ರ ಮನೆಯಲ್ಲಿ ರೂಢಿಯಾಯಿತು. ಹೆಣ್ಣುಮಗು, ಯಾರಿಗೂ ಗೊತ್ತಾಗುವುದು ಬೇಡ ಎನ್ನುವುದು ಅಪ್ಪನ ವಾದ.

ನನ್ನ ಸಾವಿನ ಸುದ್ದಿ ಕೇಳಿದ ವಾರದ ಶನಿವಾರ ಆ ಸಿನಿಮಾಕ್ಕೆ ಹೊರಟಾಗ ಅಪ್ಪನನ್ನೂ ಕರೆದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ನಾನು ಒಂದ್ಸಲ ನೋಡಿದೀನಿ, ಸಾಕು," ಎಂದರು.

ಅಮ್ಮ ಬಂದಳು. ರೇಷ್ಮೆ ಸೀರೆ ಉಟ್ಟಿದ್ದಳು. ಯಾಕೆ ಎಂದು ಕೇಳಿದರೆ, ನಮ್ಮ ಸಿನಿಮಾ ತಾನೇ ಎಂದಳು. ತೆರೆಯ ಮೇಲೆ ಹುಡುಗಿ ಗೋಡೆ ಹತ್ತಿದಳು, ಛಾವಣಿಯಲ್ಲಿ ತಲೆಕೆಳಗಾಗಿ ನಡೆದಳು. ಯಾರೋ ಕೂತು ಹೊಸೆದ ಒಂದು ಭಾಷೆಯನ್ನು ಗಂಟಲಿನಿಂದ ಒದರಿದಳು. ಬಾಬಾ ಕರುಣಾಮಯಿ. ತಾಯಿ ಮಾತ್ರ ಪ್ರತಿ ದೃಶ್ಯದಲ್ಲೂ ಎದೆ ಹಿಡಿದುಕೊಂಡು ಅಳುತ್ತ, ಡಾಕ್ಟರ ಹತ್ತಿರ ಹೋಗೋಣವೆಂದು ಹಠ ಮಾಡಿ ಮಗಳನ್ನು ಕೊಲ್ಲುವ ದಡ್ಡಿ. ಅಮ್ಮ "ಸುಳ್ಳು" ಎಂದು ಗಟ್ಟಿಯಾಗಿ ಅಂದಳು. ಹಿಂದಿನ ಸಾಲಿನವರು ಶ್ ಎಂದರು. ಅವಳು ಇನ್ನೊಂದು ಸಲ ಅಂದಳು.

ಕೊನೆಯಲ್ಲಿ ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಬಂದವು: ಆ ನತದೃಷ್ಟ ಹುಡುಗಿಯ ನೆನಪಿಗೆ. ಅಮ್ಮನಿಗೆ ಅದನ್ನು ಓದಿ ಹೇಳಿದೆ.

"ನಿನ್ ತಿಥೀನೂ ಮಾಡ್ಬಿಟ್ರಲ್ಲೇ," ಎಂದಳು. ನಗುತ್ತಿದ್ದಾಳೆ ಎಂದುಕೊಂಡೆ. ದೀಪ ಹತ್ತಿದಾಗ ನೋಡಿದರೆ ಅವಳ ಮೂಗು ಕೆಂಪಾಗಿತ್ತು. ಆಟೊದಲ್ಲಿ ಮನೆ ಬರುವವರೆಗೂ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದಳು.

ಆ ದಿನದಿಂದ ನಾನು ಜಗತ್ತಿನ ಹೆಸರಾಂತ ದೆವ್ವದ ಸಿನಿಮಾಗಳ ಹಿಂದಿನ ನಿಜಸಂಗತಿಗಳನ್ನು ಹುಡುಕಿ ಓದತೊಡಗಿದೆ. ಎಷ್ಟೋ ಕಡೆ ಬುಡದಲ್ಲಿ ಸಿಕ್ಕಿದ್ದು ಕಾಯಿಲೆ ಬಿದ್ದ ಒಬ್ಬ ಹುಡುಗಿ, ಮನೆಯವರಿಂದಲೇ ಕೊಲೆಯಾದ ಒಂದು ಕುಟುಂಬ, ಯಾರೂ ಮಾತು ಕೇಳಿಸಿಕೊಳ್ಳದ ಒಬ್ಬ ಹೆಂಗಸು. ಪರದೇಶದ ಒಬ್ಬಳಿಗೆ ಮೂರ್ಛೆರೋಗವಿತ್ತು. ಮಂತ್ರ ಹಾಕಿಸುತ್ತ ಹಾಕಿಸುತ್ತ ಅವಳು ಅನ್ನನೀರಿಲ್ಲದೆ ಸವೆದು ಸತ್ತಳು. ಅವಳ ಮೇಲೂ ಸಿನಿಮಾ ಬಂತು. ಅವಳು ಸತ್ತಿದ್ದರಿಂದ ಎದ್ದುಬಂದು ಏನೂ ಹೇಳಲಾರಳು. ನಾನು ಸತ್ತಿರಲಿಲ್ಲ.

ಸಿನಿಮಾದ ಕತೆ ಬರೆದವನು ದೆಹಲಿಯ ಒಂದು ಸಭಾಂಗಣದಲ್ಲಿ ಮಾತಾಡುತ್ತಾನೆಂದು ತಿಳಿದಾಗ ಹೋದೆ. ವಿಷಯವೂ ಅದೇ: ನಿಜಘಟನೆಗಳು ಭಯದ ಸಿನಿಮಾಗಳಾಗುವುದು ಹೇಗೆ. ಚೆನ್ನಾಗಿ ಮಾತಾಡಿದ. ಜನಕಪುರಿಯ ಆ ಕುಟುಂಬಕ್ಕಾಗಿ ತಾನು ಬಹಳ ಹುಡುಕಿದೆ, ಅವರು ಊರು ಬಿಟ್ಟುಹೋಗಿದ್ದಾರೆ, ಆ ಮನೆಗೆ ಇವತ್ತಿಗೂ ಬೀಗ ಹಾಕಿದೆ, ಅಕ್ಕಪಕ್ಕದವರು ಆ ಕಡೆ ನೋಡುವುದೂ ಇಲ್ಲ ಎಂದ. ಪ್ರಶ್ನೆ ಕೇಳುವ ಸಮಯ ಬಂದಾಗ ಕೈ ಎತ್ತಿದೆ. ಮೈಕು ಕೈಗೆ ಬಂತು.

"ಆ ಮನೆಗೆ ಬೀಗ ಹಾಕಿಲ್ಲ," ಎಂದೆ. "ಇವತ್ತು ಬೆಳಿಗ್ಗೆ ಬಾಗಿಲಲ್ಲಿದ್ದ ಹಾಲಿನ ಪ್ಯಾಕೆಟ್ ಒಳಗಿಟ್ಟು ಬಂದಿದ್ದೀನಿ. ಆ ಹುಡುಗಿ ನಾನೇ."

ಕೆಲವರು ನಕ್ಕರು. ಯಾರು ಬೇಕಾದರೂ ಹಾಗೆ ಹೇಳಬಹುದಲ್ಲ ಮೇಡಂ ಎಂದು ಅವನು ಸೌಜನ್ಯದಿಂದಲೇ ಅಂದ. ನಾನು ವಿಡಿಯೊದಲ್ಲಿರುವ ಮಾತನ್ನು ಹಾಗೆಯೇ ಹೇಳಿ, ಆಮೇಲೆ ಅದರ ಹಿಂದಿ ಅರ್ಥ ಹೇಳಿದೆ. ಇದು ಕನ್ನಡ, ನನ್ನ ಅಜ್ಜಿಯ ಮಾತು, ನೀವು ಸಿನಿಮಾದಲ್ಲಿ ಪಿಶಾಚಿಯ ಭಾಷೆಯಾಗಿ ಬದಲಾಯಿಸಿರುವುದು ಇದನ್ನೇ ಎಂದೆ. ಸಭೆಯ ಹಿಂದಿನ ಸಾಲಿನಿಂದ ಯಾವುದೋ ಗಂಡಸಿನ ದನಿ, ಹೌದು, ಅದು ಕನ್ನಡವೇ ಎಂದು ಕನ್ನಡದಲ್ಲಿ ಹೇಳಿತು. ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಆಗ ಬಂತು. ಒರೆಸಿಕೊಳ್ಳದೆ ನಿಂತಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದ. ಕೆಟ್ಟ ಮನುಷ್ಯನಲ್ಲ. ಕ್ಷಮೆ ಕೇಳಿದ. ಮರುಗಳಿಗೆಗೆ ಎರಡನೇ ಭಾಗದ ಮಾತು ತೆಗೆದ; ಬದುಕಿ ಬಂದವಳ ಕತೆ, ನಿಮ್ಮ ಒಪ್ಪಿಗೆಯೊಂದಿದ್ದರೆ ಸಾಕು ಎಂದ. ನಾನು ನನಗೆ ಬೇಕಾದದ್ದನ್ನು ಹೇಳಿದೆ. ನಿಜಘಟನೆ ಎನ್ನುವ ಸಾಲನ್ನು ತೆಗೆಯಿರಿ, ಇಲ್ಲವೇ ಅದು ಕಾಯಿಲೆಯಾಗಿತ್ತು, ಹುಡುಗಿ ಬದುಕಿದ್ದಾಳೆ ಎಂದು ಕೊನೆಗೆ ಸೇರಿಸಿ.

"ಬದುಕಿದ್ದಾಳೆ ಅಂದರೆ ಹೆದರುವವರು ಯಾರು?" ಎಂದ.

"ಹೆದರಬೇಡಿ ಅಂತಲೇ ನಾನು ಹೇಳ್ತಿರೋದು."

ಅವನು ಪ್ರೊಡ್ಯೂಸರನ್ನು ಕೇಳುತ್ತೇನೆಂದ. ಕೆಲವು ವಾರಗಳ ಮೇಲೆ ಅವರ ವಕೀಲರಿಂದ ಮೇಲ್ ಬಂತು: ಸಿನಿಮಾ ಹಲವು ಘಟನೆಗಳ ಮಿಶ್ರಣ, ಯಾವ ವ್ಯಕ್ತಿಗೂ ಸಂಬಂಧವಿಲ್ಲ. ನಾನೂ ಒಬ್ಬ ವಕೀಲೆಯನ್ನು ಕಂಡೆ. ಆ ಜಗಳ ಇನ್ನೂ ನಡೆಯುತ್ತಿದೆ, ಆ ಸಾಲು ಇನ್ನೂ ಅಲ್ಲೇ ಇದೆ.

ಆಫೀಸಿನಲ್ಲಿ ಹೇಳಿಬಿಡುವುದೆಂದು ತೀರ್ಮಾನಿಸಿದೆ. ಅದೇ ಕ್ಯಾಂಟೀನಿನಲ್ಲಿ ಸಹೋದ್ಯೋಗಿಗೆ ಎಲ್ಲವನ್ನೂ ಹೇಳಿದೆ. ಅವಳು ಮೊದಲು ನಂಬಲಿಲ್ಲ, ಆಮೇಲೆ ಬಿಳಿಚಿಕೊಂಡಳು. ಕೆಲವು ದಿನ ನನ್ನ ಜೊತೆ ಊಟಕ್ಕೂ ಕೂರಲಿಲ್ಲ. ನನ್ನ ಬಗ್ಗೆ ಹೆದರಿಕೆಯೋ ಅಸಹ್ಯವೋ ಇರಬೇಕೆಂದುಕೊಂಡು ಇದ್ದರೆ ಇರಲಿ ಎಂದು ಬಿಟ್ಟೆ. ಅದು ಯಾವುದೂ ಅಲ್ಲವಾಗಿತ್ತು. ಒಂದು ಮಧ್ಯಾಹ್ನ ಅವಳೇ ಬಂದು, ತನ್ನ ಚಿಕ್ಕಪ್ಪನ ಮಗಳು ಹಾಗೆಯೇ ಮಾಡುತ್ತಿದ್ದಾಳೆ, ರೂಮಿನಲ್ಲಿ ಕೂಡಿಹಾಕಿದ್ದಾರೆ, ನೀವು ಒಂದು ಸಲ ಬರುತ್ತೀರಾ ಎಂದು ಕೇಳಿದಳು. ನಾನು ಡಾಕ್ಟರಲ್ಲ ಎಂದೆ. ಡಾಕ್ಟರು ಹೇಳಿದರೆ ಚಿಕ್ಕಪ್ಪ ಕೇಳುವುದಿಲ್ಲ, ಅದಕ್ಕೇ ಎಂದಳು.

ಅಮ್ಮ ತಾನೂ ಬರುತ್ತೇನೆಂದು ಹೊರಟಳು. ಗುರುಗ್ರಾಮದ ಗಾಜಿನ ಕಟ್ಟಡಗಳ ಬೆನ್ನಿಗೇ ಇನ್ನೂ ಹಳ್ಳಿಯಾಗಿ ಉಳಿದಿರುವ ಒಂದು ಗಲ್ಲಿ. ಅಂಗಳದಲ್ಲಿ ಎಮ್ಮೆ, ಮೇಲೆ ಬಾಡಿಗೆಗೆ ಕೊಟ್ಟ ನಾಲ್ಕು ಅಂತಸ್ತು. ಚಿಕ್ಕಪ್ಪ ಮಂಚದ ಮೇಲೆ ಕೂತಿದ್ದ. ನಮಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ, ಆಮೇಲೆ ಬಂದದ್ದಕ್ಕೆ ಸಂತೋಷ, ಆದರೆ ತಮ್ಮ ಭಗತ ಮಂಗಳವಾರ ಬರುತ್ತಿದ್ದಾನೆ ಎಂದ. ದೆವ್ವ ಬಿಡಿಸುವವನನ್ನು ಅವರು ಹಾಗೆನ್ನುತ್ತಾರೆ. ಡಾಕ್ಟರರ ಹತ್ತಿರ ಹೋದರೆ ಏನಾಗುತ್ತದೆಂದು ತಾನು ನೋಡಿದ್ದೇನೆ, ಸಿನಿಮಾದಲ್ಲೇ ತೋರಿಸಿದ್ದಾರೆ, ಅದು ನಿಜವಾಗಿ ನಡೆದದ್ದು ಎಂದ.

"ನಡೆದದ್ದು ನನಗೆ," ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅವಳು ಸತ್ತುಹೋದಳು," ಎಂದ.

"ಸತ್ತಿಲ್ಲ. ನಿಮ್ಮ ಮನೆಯ ಚಹಾ ಕುಡೀತಾ ಇದ್ದೀನಿ."

ಅವನಿಗೆ ಸಿಟ್ಟು ಬಂತು. ಪೇಟೆ ಹೆಂಗಸರು ಹಳ್ಳಿಯವರನ್ನು ಏನೆಂದುಕೊಂಡಿದ್ದೀರಿ ಎಂದು ಎದ್ದು ನಿಂತ. ಅಷ್ಟರಲ್ಲಿ ಅಮ್ಮ ಯಾರನ್ನೂ ಕೇಳದೆ ಒಳಗೆ ಹೋಗಿ, ಚಿಲಕ ತೆಗೆದು, ಆ ಹುಡುಗಿಯ ಪಕ್ಕ ಕೂತುಬಿಟ್ಟಿದ್ದಳು. ಹುಡುಗಿ ಗೋಡೆಯನ್ನೇ ನೋಡುತ್ತಿದ್ದಳು. ತುಟಿಯ ಒಂದು ಕೊನೆ ಅದುರುತ್ತಿತ್ತು. ಅಮ್ಮ ಅವಳ ಕೂದಲನ್ನು ಹಿಂದಕ್ಕೆ ಸರಿಸುತ್ತ ಕನ್ನಡದಲ್ಲಿ ಏನೇನೋ ಹೇಳುತ್ತಿದ್ದಳು.

ಹುಡುಗಿಯ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ನನ್ನ ಕೈಯನ್ನು ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮಡಿಚಿ ಬಿಡಿಸಿ ನೋಡಿದಳು. ಕೆಲಸ ಮಾಡುತ್ತೀಯಾ, ಒಬ್ಬಳೇ ಓಡಾಡುತ್ತೀಯಾ, ರೊಟ್ಟಿ ಲಟ್ಟಿಸಲು ಬರುತ್ತದಾ ಎಂದು ಸಣ್ಣ ದನಿಯಲ್ಲಿ ಕೇಳಿದಳು. ರೊಟ್ಟಿ ಮಾತ್ರ ದುಂಡಗೆ ಬರುವುದಿಲ್ಲ, ಅದು ಕಾಯಿಲೆಗೆ ಮೊದಲೂ ಬರುತ್ತಿರಲಿಲ್ಲ ಎಂದೆ. ಅವಳು ಗಂಡನ ಕಡೆ ತಿರುಗಿ, "ನಾನು ಕರ್ಕೊಂಡು ಹೋಗ್ತೀನಿ," ಎಂದಳು.

ಅವನು ಕಾರಿನ ಕೀಲಿ ಕೊಡಲಿಲ್ಲ. ನನ್ನ ಸಹೋದ್ಯೋಗಿ ಕ್ಯಾಬ್ ಕರೆಸಿದಳು. ಗಲ್ಲಿಯಲ್ಲಿ ಜನ ಸೇರಿ ನೋಡುತ್ತಿದ್ದಂತೆಯೇ ನಾವು ನಾಲ್ವರು ಹೆಂಗಸರು ಆ ಹುಡುಗಿಯನ್ನು ನಡುವೆ ಹಿಡಿದು ಹತ್ತಿಸಿದೆವು. ತಾಯಿಯ ಸೆರಗು ಜಾರಿ ಮುಖ ಕಂಡಿತು. ಅವಳು ಅದನ್ನು ಮತ್ತೆ ಎಳೆದುಕೊಳ್ಳಲಿಲ್ಲ.

ಹುಡುಗಿಗಿದ್ದದ್ದು ನನ್ನ ಕಾಯಿಲೆಯಲ್ಲ. ಮೂರ್ಛೆರೋಗದ್ದೇ ಒಂದು ಬಗೆ ಎಂದರು. ಬಿದ್ದು ಒದ್ದಾಡದೆ, ಕೂತಲ್ಲೇ ಮನಸ್ಸು ಕಳೆದುಹೋಗುವಂಥದ್ದು. ಮಾತ್ರೆ ಹೊಂದಿಕೊಳ್ಳಲು ಬಹಳ ಸಮಯ ಹಿಡಿಯಿತು. ನಡುವೆ ಎರಡು ಸಲ ಮತ್ತೆ ಬಂತು. ಆಗ ಚಿಕ್ಕಪ್ಪ ಭಗತನನ್ನು ಕರೆಸಿ ತಾಯಿತ ಕಟ್ಟಿಸಿದ. ತಾಯಿತ ಇರಲಿ, ಮಾತ್ರೆ ಮಾತ್ರ ಬಿಡಬೇಡಿ ಎಂದು ಡಾಕ್ಟರು ಹೇಳಿದರು. ಈಗ ಸ್ಕೂಲಿಗೆ ಹೋಗುತ್ತಾಳೆ. ಒಂದು ದಿನ ಫೋನ್ ಮಾಡಿ, ಸಿನಿಮಾ ನೋಡಿದೆ ಆಂಟಿ, ನೀವು ಛಾವಣಿ ಮೇಲೆ ನಡೆದದ್ದು ನಿಜವಾ ಎಂದು ಕೇಳಿದಳು. ಫ್ಯಾನಿನ ಧೂಳು ಒರೆಸೋಕೇ ನನಗೆ ಸ್ಟೂಲು ಬೇಕು ಎಂದೆ. ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಈಚೆಗೆ ಆ ಸಿನಿಮಾ ಮೊಬೈಲುಗಳಿಗೂ ಬಂದ ಮೇಲೆ ನಮ್ಮ ಬಿಲ್ಡಿಂಗು ಪ್ರಸಿದ್ಧವಾಗಿದೆ. ದೆವ್ವದ ಮನೆ ಹುಡುಕಿಕೊಂಡು ಕ್ಯಾಮೆರಾ ಹಿಡಿದವರು ಬರುತ್ತಾರೆ. ಮೊದಲ ಸಲ ಬಂದವರಿಗೆ ಅಮ್ಮನೇ ಬಾಗಿಲು ತೆಗೆದಳು. ಈಗ ಅವಳ ಹಿಂದಿ ಸಾಕಷ್ಟು ಸುಧಾರಿಸಿದೆ. ದೆವ್ವ ಆಫೀಸಿಗೆ ಹೋಗಿದೆ, ಸಂಜೆ ಬರುತ್ತೆ, ಬೇಕಾದರೆ ಕೂತಿರಿ ಎಂದಳಂತೆ. ಅವರು ಕೂತಿದ್ದರು. ನಾನು ಬಂದು ಕೈಕಾಲು ತೊಳೆದು ಕ್ಯಾಮೆರಾದ ಮುಂದೆ ಕೂತು, ನನ್ನ ಹೆಸರು ಹೇಳಿ, ಕಾಯಿಲೆಯ ಹೆಸರು ಹೇಳಿ, ನಡೆದದ್ದನ್ನೆಲ್ಲ ಹೇಳಿದೆ. ಮುಖ ಮಸುಕು ಮಾಡೋಣವೇ ಎಂದು ಕೇಳಿದರು. ಬೇಡ, ಇನ್ನೊಂದು ಲೈಟು ಹಾಕಿ ಎಂದೆ. ಅಪ್ಪ ರೂಮಿನಿಂದ ಹೊರಗೆ ಬರಲಿಲ್ಲ.

ಆ ವಿಡಿಯೊವನ್ನು ಬಹಳ ಜನ ನೋಡಲಿಲ್ಲ. ನೋಡಿದವರಲ್ಲಿ ಒಬ್ಬ ಕೆಳಗೆ, ಇವಳು ಹೆಸರಿಗಾಗಿ ಸುಳ್ಳು ಹೇಳುತ್ತಿದ್ದಾಳೆ, ಅಸಲಿ ಹುಡುಗಿ ಯಾವಾಗಲೋ ಸತ್ತಿದ್ದಾಳೆ ಎಂದು ಬರೆದಿದ್ದ. ಉತ್ತರ ಕೊಡಬೇಕೆಂದು ಮೊಬೈಲು ತೆರೆದೆ. ನನಗಿಂತ ಮೊದಲೇ ಯಾರೋ ಉತ್ತರ ಬರೆದಿದ್ದರು. ಆಫೀಸಿನ ಕಡತದಲ್ಲಿ ಬರೆಯುವಂಥ ಶುದ್ಧ ಹಿಂದಿ, ಕೆಳಗೆ ಅಪ್ಪನ ಪೂರ್ತಿ ಹೆಸರು: ಇವಳು ನನ್ನ ಮಗಳು. ನಾವು ಜನಕಪುರಿಯ ಅದೇ ಮನೆಯಲ್ಲಿದ್ದೇವೆ. ಅನುಮಾನವಿದ್ದವರು ಬಂದು ನೋಡಬಹುದು.